ಕೆಡ್ಡಸದಲ್ಲಿ ಒಡೆದ ಕಟ್ಟ

ಪೆರಾಬೆಯಿಂದ ಗುಡ್ಡ ಇಳಿದರೆ ಸಿಗುವ ನೀರ್ಕಜೆ ಬೈಲಿಗೆ ಪೂವಕ್ಕ ಮದುವೆಯಾಗಿ ಬಂದ ವರ್ಷ ದೀಪಾವಳಿ ಕಳೆದರೂ ಮಳೆ ಬಿಡಲಿಲ್ಲ. ಹೊಸ ಸೊಸೆ ಮಳೆಯನ್ನೂ ಸೆರಗಿಗೆ ಕಟ್ಟಿಕೊಂಡು ಬಂದಿದ್ದಾಳೆ ಎಂದು ಅತ್ತೆ ನಗೆಯಾಡಿದರು. ಮರುವರ್ಷ ನವರಾತ್ರಿಗೆ ಮೊದಲೇ ಮಳೆ ಕಾಲು ಕಿತ್ತಿತು. ಆಗ ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ಅಂಗಳದ ಬದಿಯಲ್ಲಿ ನಿಂತು ಆಕಾಶ ನೋಡಿ ಒಳಗೆ ಹೋದರು.

ಬೈಲಿನ ಬದುಕು ಮೂರು ಬೆಳೆಯ ಮೇಲೆ ನಿಂತದ್ದು. ಕಾರ್ತೆಲ್ ತಿಂಗಳ ಮಳೆಗೆ ನೆಟ್ಟು ನವರಾತ್ರಿ ಹೊತ್ತಿಗೆ ಕೊಯ್ಯುವುದು ಏಣೆಲು. ಅದು ಎದ್ದ ಗದ್ದೆಯಲ್ಲಿ ಹಿಂಗಾರಿನ ನಾಲ್ಕು ಮಳೆ ನಂಬಿ ಹಾಕುವುದು ಸುಗ್ಗಿ. ಆಕಾಶ ಪೂರ್ತಿ ಬರಿದಾದ ಮೇಲೆ, ಹೊಳೆಗೆ ಅಡ್ಡ ಕಲ್ಲು ಮಣ್ಣಿನ ಕಟ್ಟ ಹಾಕಿ, ನಿಂತ ನೀರನ್ನು ಕಣಿಯಲ್ಲಿ ಹಾಯಿಸಿ ಬೆಳೆಯುವುದು ಕೊಳಕೆ. ಮೂರೂ ಬೆಳೆ ಸರಿಯಾಗಿ ಕೈಗೆ ಬಂದರೆ ಮಳೆಗಾಲದ ನಡುವಿನ ಆಟಿ ತಿಂಗಳನ್ನು ದಾಟಬಹುದು. ಹೊರಗೆ ಬಿಡದ ಮಳೆ, ಒಳಗೆ ಅಕ್ಕಿ ಅಳೆಯುವ ಕಲಸೆ ಖಾಲಿ, ಅದು ಆಟಿ. ಮೂರರಲ್ಲಿ ಎರಡು ಬಂದರೂ ಹೇಗೋ ನಡೆಯುತ್ತದೆ. ಒಂದೇ ಬಂದರೆ ಅಕ್ಕಿ ತಳ ಕಂಡು, ತಗತೆ ಸೊಪ್ಪು, ಕೆಸುವಿನ ದಂಟು, ಹಲಸಿನ ಬೀಜದಲ್ಲಿ ದಿನ ದೂಡಬೇಕು.

ಪೂವಕ್ಕನ ಸಂಸಾರದಲ್ಲಿ ಮೂರೂ ಬಂದ ವರ್ಷ ಕಡಿಮೆ. ಒಂದು ಬಾರಿ ನಾಟಿಗೆಂದು ನೇಜಿ ಸಸಿ ಹಾಕಿದ ಮೇಲೆ ಮಳೆ ಮುಖ ತಿರುಗಿಸಿ, ನೇಜಿ ಗದ್ದೆಯಲ್ಲೇ ಬಲಿತು ಗಂಟು ಕಟ್ಟಿತು. ಇನ್ನೊಂದು ಬಾರಿ ನೆಟ್ಟ ನೇಜಿಯನ್ನು ಹೊಳೆಯೇ ಎತ್ತಿಕೊಂಡು ಹೋಯಿತು. ಮಗಳು ಲೋಲಾಕ್ಷಿಯ ಬೆನ್ನಿಗೆ ಒಂದು ಗಂಡು ಮಗು ಹುಟ್ಟಿದ ವರ್ಷ ಸುಗ್ಗಿಯೂ ಇಲ್ಲ, ಕೊಳಕೆಯೂ ಇಲ್ಲ. ಹೊಳೆ ಮಕರ ತಿಂಗಳಿಗೇ ಬತ್ತಿತ್ತು. ಆಟಿಯಲ್ಲಿ ಸೊಪ್ಪು ಬೇಯಿಸಿ ತಿಂದ ಪೂವಕ್ಕನ ಎದೆಯಲ್ಲಿ ಹಾಲು ನಿಂತಿತು. ಹಟ್ಟಿಯ ದನಕ್ಕೆ ಗಬ್ಬ. ಮಗು ಮೊದಲು ಜೋರಾಗಿ ಅತ್ತಿತು, ಆಮೇಲೆ ಸಣ್ಣಗೆ ಅತ್ತಿತು, ಕೊನೆಗೆ ಬಾಯಿ ಮಾತ್ರ ತೆರೆಯುತ್ತಿತ್ತು. ಗಂಡ ಬೋಜಪ್ಪ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮಳೆಯಲ್ಲೇ ಎತ್ತಿಕೊಂಡು ಹೋದ. ಎಲ್ಲಿ ಮಣ್ಣು ಮಾಡಿದೆ ಎಂದು ಪೂವಕ್ಕ ಕೇಳಲಿಲ್ಲ, ಅವನು ಹೇಳಲಿಲ್ಲ.

ಬೋಜಪ್ಪ ಮಾತು ಕಡಿಮೆಯ ಮನುಷ್ಯ. ಒಂದು ಬೇಸಗೆ ಪೂರ್ತಿ ಕೆಂಪು ಮಣ್ಣು ತುಳಿದು ಮನೆಯ ಪಡುಬದಿಗೆ ಒಂದು ಕೋಣೆ ಎಬ್ಬಿಸಿದ. ಮಗಳ ಬಾಣಂತನಕ್ಕೆ ಬೇಕಾಗುತ್ತದೆ ಎಂದ. ಲೋಲಾಕ್ಷಿಗೆ ಆಗ ಮದುವೆಯ ವಯಸ್ಸೂ ಆಗಿರಲಿಲ್ಲ. ಕೋಣೆಗೆ ಹುಲ್ಲು ಹೊದೆಸಿದ ಎರಡನೇ ವರ್ಷ ಚಳಿಜ್ವರ ಬಂದು ಅವನು ಹೋದ. ಪೂವಕ್ಕನ ಪಾಲಿಗೆ ಉಳಿದದ್ದು ಬೈಲಿನ ಎರಡು ಗದ್ದೆ, ಮನೆ, ಮಗಳು. ಬೋಜಪ್ಪನ ಅಣ್ಣ ಜತ್ತಪ್ಪ ಪಕ್ಕದ ಮನೆಯಲ್ಲೇ ಇದ್ದ. ಬೈಲಿನ ಕಟ್ಟದ ಯಜಮಾನಿಕೆ ಅವನದು. ಯಾವಾಗ ಕಟ್ಟಬೇಕು, ಯಾರ ಗದ್ದೆಗೆ ಮೊದಲು ನೀರು ಹೋಗಬೇಕು ಎಂಬುದೆಲ್ಲ ಅವನ ಮಾತಿನಂತೆ ನಡೆಯುತ್ತಿತ್ತು.

ಹೊಸ ಪೈಸೆ ಬಂದರೂ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ ಅದು. ಲೋಲಾಕ್ಷಿಯನ್ನು ಹೊಳೆಯಾಚೆ ಎರಡು ಗುಡ್ಡ ದಾಟಿದರೆ ಸಿಗುವ ಮನೆಗೆ ಕೊಟ್ಟು ವರ್ಷವಾಗಿತ್ತು. ಆ ವರ್ಷ ಏಣೆಲು ಕೊಯ್ಯುವ ಹೊತ್ತಿಗೆ ಮಳೆ ಹಿಡಿದು ಬಿಡಲೇ ಇಲ್ಲ. ಕೊಯ್ದು ಹಾಕಿದ ಸೂಡಿಯಲ್ಲೇ ಭತ್ತ ಮೊಳಕೆ ಬಂತು. ಹಾಗೆ ಸುರಿದ ಮಳೆ, ಸುಗ್ಗಿ ನೆಟ್ಟ ಮೇಲೆ ಕತ್ತರಿಸಿದ ಹಾಗೆ ನಿಂತಿತು. ತೆನೆ ಎದ್ದಿತು, ಒಳಗೆ ಕಾಳಿಲ್ಲ. ತೂರಿದರೆ ಎಲ್ಲ ಗಾಳಿಗೆ. ಉಳಿದದ್ದು ಕೊಳಕೆ ಒಂದೇ. ಕೊಳಕೆ ನೆಟ್ಟು ಮುಗಿದ ವಾರದಲ್ಲಿ ಅಳಿಯ ಅಚ್ಚುತ ಬಂದು ಜಗಲಿಯ ತುದಿಯಲ್ಲಿ ಕೂತು, ನಾಚಿಕೊಂಡು, ವಿಷಯ ಹೇಳಿದ.

"ಅತ್ತೆ, ಅವಳಿಗೆ ತಿಂಗಳು ನಿಂತಿದೆ. ಆಟಿಗೆ ಆಗ್ತದೆ ಅಂತ ಅಮ್ಮ ಲೆಕ್ಕ ಹಾಕಿದ್ದಾರೆ."

"ಒಳ್ಳೇದಾಯ್ತು. ಮೊದಲಿನದ್ದು ತಾಯಿಮನೆಯಲ್ಲೇ ಆಗಬೇಕು. ಕಳಿಸಿ ಕೊಡಿ."

"ಅಮ್ಮನೂ ಹಾಗೆಯೇ ಹೇಳಿದ್ದು. ನಮ್ಮಲ್ಲಿಯೂ ಸುಗ್ಗಿ ಜೊಳ್ಳು, ಅತ್ತೆ. ನಿಮಗೆ ಗೊತ್ತುಂಟಲ್ಲ."

ಅಳಿಯ ಹೋದ ಮೇಲೆ ಪೂವಕ್ಕ ಅಟ್ಟ ಹತ್ತಿ ನೋಡಿದಳು. ಇದ್ದ ಅಕ್ಕಿ ವಿಷುವಿನವರೆಗೆ ಹೇಗೋ ಬರಬಹುದು. ಆಟಿಯಲ್ಲಿ ಮಗಳ ಬಟ್ಟಲಿಗೆ ಬೀಳಬೇಕಾದ ಅಕ್ಕಿ ಇನ್ನೂ ಕೆಳಗೆ ಗದ್ದೆಯಲ್ಲಿ, ಗೇಣುದ್ದದ ಹಸಿರು ಗರಿಯಾಗಿ, ಕಟ್ಟದ ನೀರಿನಲ್ಲಿ ನಿಂತಿತ್ತು. ಅಂದಿನಿಂದ ಅವಳು ದಿನಕ್ಕೆರಡು ಬಾರಿ ಕಟ್ಟದ ಮೇಲೆ ನಡೆದಾಡಿ, ಒಸರುವ ಕಡೆ ಮಣ್ಣು ಒತ್ತಿ ಬರುತ್ತಿದ್ದಳು. ಜತ್ತಪ್ಪ ತಮಾಷೆ ಮಾಡುತ್ತಿದ್ದ: "ಪೂವ, ಕಟ್ಟಕ್ಕೆ ಎಣ್ಣೆ ತಿಕ್ಕಿ ಮೀಯಿಸುದೊಂದು ಬಾಕಿ ನಿನಗೆ."

ಮಕರ ತಿಂಗಳ ಕೊನೆಗೆ ಬರುವ ಮೂರು ದಿನದ ಕೆಡ್ಡಸ ಹಬ್ಬದ ಹಿಂದಿನ ಸಂಜೆ ಸುಬ್ರಹ್ಮಣ್ಯದ ಕಡೆಯ ಗುಡ್ಡಗಳ ಮೇಲೆ ಮೋಡ ಕಪ್ಪಗೆ ಕೂತಿತ್ತು. ಆ ತಿಂಗಳಲ್ಲಿ ಮೋಡ ಬರುವುದೇ ಇಲ್ಲ. ಬೈಲಿಗೆ ಒಂದು ಹನಿಯೂ ಬೀಳಲಿಲ್ಲ, ದೂರದ ಗುಡುಗು ಮಾತ್ರ ಕೇಳಿಸಿತು. ಬೆಳಿಗ್ಗೆ ಪೂವಕ್ಕ ಕೆಡ್ಡಸಕ್ಕೆಂದು ಒಂದು ಹಿಡಿ ಕುಚ್ಚಲಕ್ಕಿ ಹುರಿಯುತ್ತಿದ್ದಾಗ ಕೆಳಗೆ ಹೊಳೆಯ ಸದ್ದು ಬೇರೆಯಾಯಿತು. ಕಾವಲಿ ಇಳಿಸಿ ಓಡಿದಳು. ಹೊಳೆ ಕೆಂಪಗೆ ಉಬ್ಬಿ ಬಂದು ಕಟ್ಟದ ನಡುಮಧ್ಯವನ್ನು ಬಾಯಿಯ ಹಾಗೆ ತೆರೆದಿತ್ತು. ನಿಂತ ನೀರೆಲ್ಲ ಆ ಬಾಯಿಯಿಂದ ಕೆಳಗೆ ಓಡುತ್ತಿತ್ತು. ಕಣಿಯಲ್ಲಿ ನೀರಿನ ತಲೆ ಹಿಂದಕ್ಕೆ ಸರಿಯುವುದು ಕಣ್ಣಿಗೆ ಕಾಣುತ್ತಿತ್ತು.

ಬೈಲಿನ ಜನ ದಂಡೆಯಲ್ಲಿ ಸೇರಿದರು. ಯಾರ ಕೈಯಲ್ಲೂ ಹಾರೆ ಇರಲಿಲ್ಲ. ಕೆಡ್ಡಸದ ದಿನಗಳಲ್ಲಿ ಭೂಮಿ ಮುಟ್ಟಾಗಿ ಕೂತಿರುತ್ತಾಳೆ. ನೆಲ ಅಗೆಯುವಂತಿಲ್ಲ, ಹಸಿರು ಕಡಿಯುವಂತಿಲ್ಲ. ಮೂರು ದಿನ ಕಳೆದ ಮರುದಿನ ಬೆಳಿಗ್ಗೆ ಹೆಂಗಸರು ಅಂಗಳದಲ್ಲಿ ಅವಳಿಗೆ ಎಣ್ಣೆ, ಅರಸಿನ, ಸೀಗೆ ಇಟ್ಟು ಮೀಯಿಸಿದ ಮೇಲೆಯೇ ಹಾರೆ ಮುಟ್ಟುವುದು.

"ಕೆಡ್ಡಸ ಕಳೆಯಲಿ, ಆಮೇಲೆ ಕಟ್ಟುವ," ಎಂದ ಜತ್ತಪ್ಪ.

"ಆಮೇಲೆ ಕಟ್ಟಿದರೆ ತುಂಬುವ ನೀರು ಎಲ್ಲಿ ಉಂಟು, ಭಾವ? ಈ ಕೆಂಪು ನೀರು ಇವತ್ತು ನಾಳೆ ಹರಿದು ಹೋಗ್ತದೆ. ಮತ್ತೆ ನೂಲಿನ ಹಾಗೆ ಬರುವ ಹೊಳೆ ಕಣಿಗೆ ಯಾವಾಗ ಏರುದು?"

"ಏರುದಿಲ್ಲ. ನನಗೂ ಗೊತ್ತು. ನನ್ನ ಗದ್ದೆಯೂ ಅಲ್ಲೇ ಇರುದಲ್ವಾ? ಈ ವರ್ಷ ಕೊಳಕೆ ನಮಗೆ ಬರೆದಿಲ್ಲ ಅಂತ ತಿಳ್ಕೊಳ್ಳಬೇಕು."

"ನಿಮಗೆ ನಾಲ್ಕು ಅಡಿಕೆ ಮರವಾದರೂ ಉಂಟು."

ಜತ್ತಪ್ಪನ ಮುಖ ಗಟ್ಟಿಯಾಯಿತು. "ನಿನ್ನ ಅತ್ತೆ ಮೂರು ದಿನ ಹೊರಗೆ ಕೂತಾಗ ಅವರ ಬೆನ್ನಿಗೆ ಹಾರೆ ಹಾಕ್ತಿದ್ದೆಯಾ? ಇದೂ ಹಾಗೆಯೇ. ಬಾಯಿ ಮುಚ್ಚಿ ಮನೆಗೆ ಹೋಗು."

ಜನ ಚದುರಿದರು. ಗಂಡಸರು ವಾಡಿಕೆಯಂತೆ ಕೆಡ್ಡಸದ ಬೇಟೆಗೆ ಹೊರಟರು. ಗುಡ್ಡದ ಓರೆಯ ಮನೆಯ ಸಾಹುಲ್ ಹಮೀದ್ ಮಾತ್ರ ನಿಂತಿದ್ದ. ಒಣಮೀನು ಹೊತ್ತು ಮಾರುವ ಬ್ಯಾರಿ. ಅವನ ಹೆಂಡತಿ ಝೈನಬ ಪೂವಕ್ಕನ ಜೊತೆ ಭತ್ತ ಕುಟ್ಟುವವಳು.

"ಪೂವಕ್ಕ, ನಮಗೆ ಕೆಡ್ಡಸ ಇಲ್ಲ. ನೀವು ಆಚೆ ತಿರುಗಿ ಕೂತ್ಕೊಳ್ಳಿ, ನಾನು ಅಗೆದು ಹಾಕ್ತೇನೆ. ಪಾಪ ಬಂದರೆ ನನಗೆ ಬರಲಿ."

ಪೂವಕ್ಕನಿಗೆ ಆಸೆಯಾಯಿತು. ಆದರೆ ಮಾತು ಹೊರಗೆ ಬಂದಾಗ ಬೇರೆಯೇ ಆಗಿತ್ತು. "ಅಗೆಯುದು ಯಾರಾದರೆಂತ ಬ್ಯಾರಿಗಳೆ, ನೋಯುದು ಅವಳಿಗೇ ಅಲ್ವಾ."

ಮನೆಗೆ ಬಂದು ಬೋಜಪ್ಪನ ಕೋಣೆಯ ಗೋಡೆಗೆ ಒರಗಿ ಕೂತಳು. ಬಿಸಿಲು ಏರುತ್ತಿತ್ತು. ನೀರಿಲ್ಲದ ಗದ್ದೆ ಎರಡು ದಿನದಲ್ಲಿ ಬಿಳುಚುತ್ತದೆ, ನಾಲ್ಕು ದಿನದಲ್ಲಿ ಬಿರಿಯುತ್ತದೆ. ಹುಟ್ಟುವ ಮಗು ಬಾಯಿ ತೆರೆಯುವುದು ಅವಳ ಕಣ್ಣಿಗೆ ಕಟ್ಟಿತು. ಮುಖ ಮಾತ್ರ ಹಿಂದೆ ಸತ್ತ ಮಗುವಿನದು. ಎದ್ದು ನಿಲ್ಲಲು ಗೋಡೆಗೆ ಕೈ ಕೊಟ್ಟಾಗ ಅಂಗೈಗೆ ಕೆಂಪು ಹುಡಿ ಹತ್ತಿತು. ಅವಳು ಆ ಅಂಗೈಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ನೇರ ಜತ್ತಪ್ಪನ ಅಂಗಳಕ್ಕೆ ಹೋದಳು. ಅವನು ಬೇಟೆಗೆ ಹೋಗದೆ ಜಗಲಿಯಲ್ಲಿ ಎಲೆ ಹಾಕುತ್ತಾ ಕೂತಿದ್ದ.

"ಭಾವ, ಒಂದು ಕೇಳ್ತೇನೆ. ಮನೆಯ ಗೋಡೆ ಭೂಮಿಯಾ?"

"ಎಂತ ಮಾತು ಅದು. ಗೋಡೆ ಗೋಡೆಯೇ."

"ಅಗೆದು, ತುಳಿದು, ಎತ್ತಿ ಎಷ್ಟೋ ವರ್ಷ ಆದ ಮಣ್ಣು. ಅದಕ್ಕೆ ಕೆಡ್ಡಸ ಉಂಟಾ ಇಲ್ವಾ, ಅಷ್ಟು ಹೇಳಿ."

ಜತ್ತಪ್ಪ ಎಲೆಯ ರಸ ಉಗುಳಿ ಬಂದು ಅವಳ ಮುಖ ನೋಡಿದ. ಅವಳ ಮನಸ್ಸಿನಲ್ಲಿರುವುದು ಅವನಿಗೆ ಅರ್ಥವಾಯಿತು. "ನನ್ನ ತಮ್ಮ ತುಳಿದ ಮಣ್ಣು ಅದು, ಪೂವ."

"ಅವರು ತುಳಿದದ್ದು ಮಗಳಿಗೆ."

"ಗೋಡೆಗೆ ಕೆಡ್ಡಸ ಇಲ್ಲ," ಎಂದ ಜತ್ತಪ್ಪ ಕೊನೆಗೆ. "ಆದರೆ ನಾನು ಕೈ ಹಾಕುದಿಲ್ಲ."

ಪೂವಕ್ಕ ಹಾರೆ, ಪಿಕ್ಕಾಸು ಯಾವುದನ್ನೂ ಮುಟ್ಟಲಿಲ್ಲ. ಕಬ್ಬಿಣ ತಪ್ಪಿ ನೆಲಕ್ಕೆ ತಾಗಿದರೆ ಎಂಬ ಹೆದರಿಕೆ. ಭತ್ತ ಕುಟ್ಟುವ ಒನಕೆ ತಂದು ಪಡುಬದಿಯ ಗೋಡೆಗೆ ಹಾಕಿದಳು. ಮೊದಲ ಪೆಟ್ಟುಗಳಿಗೆ ಗೋಡೆ ಅಲ್ಲಾಡಲಿಲ್ಲ. ಬೋಜಪ್ಪ ಅಷ್ಟು ಚೆನ್ನಾಗಿ ತುಳಿದಿದ್ದ. ಅವಳು ಅಳುತ್ತಾ ಬೈದಳು, ಸತ್ತವನನ್ನು, ಬದುಕಿದ್ದಾಗ ಒಮ್ಮೆಯೂ ಬೈಯದ ಹಾಗೆ. ಸದ್ದು ಕೇಳಿ ಝೈನಬ ಬಂದಳು. ಒಂದು ಗಳಿಗೆ ಬಾಗಿಲಲ್ಲಿ ನಿಂತಳು.

"ಎಂತ ಮಾರಾಯ್ತಿ ಇದು. ಮನೆ ಕೆಡವಿ ಹೊಳೆಗೆ ಗೋಡೆ ಹಾಕುವ ಹೆಂಗಸನ್ನು ನಾನು ನೋಡಿಲ್ಲ."

"ನೋಡಿ ಆಯ್ತಲ್ಲ. ಇನ್ನು ಹಿಡಿಯುದಾದರೆ ಹಿಡಿ."

"ಹಿಡೀತೇನೆ. ಮೊದಲು ಮಾಡಿಗೆ ಒಂದು ಊರೆ ಕೊಡು, ಇಲ್ಲದಿದ್ದರೆ ಹುಲ್ಲೆಲ್ಲ ನಮ್ಮಿಬ್ಬರ ತಲೆಗೆ."

ಸಾಹುಲ್ ಹಮೀದ್ ಹಳೆಯ ಅಡಿಕೆ ಕಂಬ ತಂದು ಹುಲ್ಲಿನ ಮಾಡು ಬೀಳದ ಹಾಗೆ ಊರೆ ಕೊಟ್ಟ. ಗೋಡೆ ಗಡ್ಡೆಗಡ್ಡೆಯಾಗಿ ಬೀಳತೊಡಗಿತು. ಹೆಂಗಸರಿಬ್ಬರೂ ಬುಟ್ಟಿಯಲ್ಲಿ ಹೊತ್ತರು. ಸಾಹುಲ್ ಹಮೀದ್ ಮೀನಿನ ಕಾವಡಿಯಲ್ಲೇ ಹೊತ್ತ. ಕಟ್ಟದ ಬಾಯಿಗೆ ಹಳೆಯ ಬೇಲಿಯಲ್ಲಿದ್ದ, ಅಡಿಕೆ ಮರ ಸೀಳಿದ ಸಲಕೆ ನಿಲ್ಲಿಸಿ, ಹಟ್ಟಿಯ ಬೈಹುಲ್ಲನ್ನು ಸುರುಳಿ ಮಾಡಿ ತುರುಕಿ, ಮೇಲೆ ಗೋಡೆಯ ಗಡ್ಡೆ ಇಳಿಸಿದರು. ಮೊದಲು ಇಳಿಸಿದ್ದನ್ನೆಲ್ಲ ನೀರು ಎಳೆದುಕೊಂಡು ಹೋಯಿತು. ಪೂವಕ್ಕ ಸೊಂಟದವರೆಗಿನ ನೀರಿನಲ್ಲಿ ಸಲಕೆಗೆ ಬೆನ್ನು ಕೊಟ್ಟು ನಿಂತಳು.

"ನೀವು ಹಾಕಿ. ನನ್ನ ಮೇಲೆಯೇ ಹಾಕಿ," ಎಂದಳು.

"ಹುಚ್ಚು ಮಾತಾಡ್ಬೇಡಿ," ಎಂದ ಸಾಹುಲ್ ಹಮೀದ್. ಆದರೆ ಹಾಕಿದ.

ಮಧ್ಯಾಹ್ನ ದಾಟಿತು. ಬಾಯಿ ಅರ್ಧ ಮುಚ್ಚಿತ್ತು, ನೀರಿನ ಸೆಳೆತ ಹೆಚ್ಚುತ್ತಿತ್ತು. ಪೂವಕ್ಕನ ಕಾಲಿನಡಿಯ ಮರಳು ಜಾರುತ್ತಿತ್ತು. ಆಗ ಯಾರೋ ಪಕ್ಕದಲ್ಲಿ ನೀರಿಗೆ ಇಳಿದರು. ಜತ್ತಪ್ಪ. ಅವಳನ್ನು ತೋಳು ಹಿಡಿದು ಬದಿಗೆ ಸರಿಸಿ ತನ್ನ ಬೆನ್ನು ಕೊಟ್ಟ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ, "ಗಡ್ಡೆ ನೆನೆಸಿ ಹಾಕಿ. ಒಣಗಿದ್ದು ಹಾಕಿದರೆ ನಿಲ್ಲುದಿಲ್ಲ."

"ಕೈ ಹಾಕುದಿಲ್ಲ ಅಂತ ಹೇಳಿದ್ದಿರಲ್ಲ, ಗೌಡ್ರೆ," ಎಂದಳು ಝೈನಬ.

"ಕೈ ಎಲ್ಲಿ ಹಾಕಿದೆ? ಇದು ಬೆನ್ನು."

ಸಂಜೆಯ ಹೊತ್ತಿಗೆ ಮೂರು ಗೋಡೆಯ ಮಣ್ಣು ಹೊಳೆಗೆ ಹೋಗಿತ್ತು. ನೆಲದಿಂದ ಒಂದು ಗೇಣು ಮೇಲಕ್ಕೆ ಪೂವಕ್ಕ ಒನಕೆಯ ಪೆಟ್ಟು ನಿಲ್ಲಿಸಿದ್ದಳು. ಅದರಿಂದ ಕೆಳಗೆ ಗೋಡೆಯೋ ಭೂಮಿಯೋ ಎಂದು ಹೇಳಲು ಅವಳಿಗೆ ಧೈರ್ಯವಿರಲಿಲ್ಲ. ಮರುದಿನ ಕೆಂಪು ನೀರು ಕಟ್ಟಕ್ಕೆ ತುಂಬಿ ಕಣಿಗೆ ಏರಿತು. ಅದರ ಮರುದಿನದಿಂದ ಹೊಳೆ ಸಣ್ಣದಾಯಿತು. ನೀರು ನಿಂತಿತ್ತು.

ಊರಿನಲ್ಲಿ ಮಾತಾಯಿತು. ಪೂವಕ್ಕ ಮಾಡಿದ್ದು ಸರಿಯೋ ತಪ್ಪೋ ಎಂದು ವಾರಗಟ್ಟಲೆ ಜಗಳವಾಡಿದವರು ಉಂಟು. ಅವರೆಲ್ಲರ ಗದ್ದೆಗೂ ಅದೇ ನೀರು ಹೋಗುತ್ತಿತ್ತು.

ಬೇಸಗೆಯಲ್ಲಿ ಗೋಡೆ ಎಬ್ಬಿಸಬೇಕು ಎಂದು ಪೂವಕ್ಕ ಅಂದುಕೊಂಡಿದ್ದಳು. ಕೊಳಕೆ ಕೊಯ್ದ ಮೇಲೆ, ವಿಷು ಕಳೆದು ಮಳೆಗಾಲದ ಹೊಸ್ತಿಲಿನ ಪತ್ತನಾಜೆಯವರೆಗೆ, ಮಣ್ಣು ತುಳಿದು ಒಣಗಿಸಲು ಬೇಕಾದಷ್ಟು ಬಿಸಿಲು ಇರುತ್ತದೆ. ಯಾವ ವರ್ಷವೂ ಇರುತ್ತಿತ್ತು. ಆ ವರ್ಷ ವಿಷುವಿನ ಮರುದಿನವೇ ಗುಡುಗಿತು. ಹಣ್ಣಾದ ಕೊಳಕೆ ಗದ್ದೆಯಲ್ಲೇ ಮಲಗಿತು. ಮಲಗಿದ ಪೈರು ಮೊಳಕೆ ಬರುವ ಮೊದಲು ಪೂವಕ್ಕ ನೀರಿನಲ್ಲಿ ತಡಕಿ ತೆನೆ ಕೊಯ್ದಳು, ಒಲೆಯ ಮೇಲೆ ತಡಿಕೆ ಕಟ್ಟಿ ಹೊಗೆಯಲ್ಲಿ ಒಣಗಿಸಿದಳು. ಕುಟ್ಟಿ, ಅಕ್ಕಿಯನ್ನು ಹುಲ್ಲು ಸುತ್ತಿದ ಮುಡಿಯಾಗಿ ಕಟ್ಟಿದಾಗ ಅರ್ಧ ಬೆಳೆ ಸಿಕ್ಕಿತ್ತು. ಒಬ್ಬ ಬಾಣಂತಿಗೆ ಸಾಕು. ಇನ್ನೊಬ್ಬರಿಗೆ ಸಾಲದು. ಮಳೆ ಮಾತ್ರ ಹಿಡಿದದ್ದು ಬಿಡಲಿಲ್ಲ. ಒಂದು ಗೋಡೆಯನ್ನು ಮೊಣಕಾಲೆತ್ತರಕ್ಕೆ ಏರಿಸಿದಳು, ಅದು ಕರಗಿ ಕೂತಿತು. ಮತ್ತೆ ಏರಿಸಿದಳು, ಮತ್ತೆ ಕೂತಿತು. ಕೊನೆಗೆ ತೆಂಗಿನ ಮಡಲು ಹೆಣೆದು ಮೂರು ಬದಿಗೂ ಕಟ್ಟಿದಳು.

ಲೋಲಾಕ್ಷಿ ತುಂಬು ಹೊಟ್ಟೆಯಲ್ಲಿ ಬಂದಳು. ಕೋಣೆ ನೋಡಿದಳು. ಅವ್ವನ ಕೈ ಹಿಡಿದು ಅಂಗೈಯ ಒಡಕುಗಳನ್ನು ಒತ್ತಿ ನೋಡಿದಳು. ಆಟಿ ಹುಟ್ಟಿದ ಮೇಲೆ ಪಡುಗಾಳಿ ಎದ್ದು ಮಡಲಿನ ಸಂದಿಯಿಂದ ಎರಚಲು ನೇರ ಚಾಪೆಗೆ ಬೀಳುತ್ತಿತ್ತು. ಲೋಲಾಕ್ಷಿಗೆ ಕೆಮ್ಮು ಹಿಡಿಯಿತು, ಆಮೇಲೆ ಜ್ವರ. ಒಲೆಯ ಬದಿಯಲ್ಲಿ ಮಲಗಿಸೋಣವೆಂದರೆ ಅಲ್ಲಿಯೂ ಕೋಣೆಯ ಬದಿಯಿಂದ ನೀರು ಹರಿದು ಬರುತ್ತಿತ್ತು. ಸುದ್ದಿ ಕೇಳಿ ಅವಳ ಅತ್ತೆ ಸೇವಂತಿ, ಅಚ್ಚುತನನ್ನು ಕರೆದುಕೊಂಡು, ಮಳೆಗೆ ಓಲೆಯ ಗೊರಬು ಹೊದ್ದು ಬಂದಳು. ಕೋಣೆಯ ಬಾಗಿಲಲ್ಲಿ ನಿಂತು ಒದ್ದೆ ಚಾಪೆ ನೋಡಿದಳು.

"ಅಕ್ಕ, ನೀವು ಎಂತ ಮಾಡಿದ್ದೀರಿ ಅಂತ ಕೇಳಿ ಗೊತ್ತುಂಟು ನನಗೆ. ತಪ್ಪು ಅಂತ ನಾನು ಹೇಳುದಿಲ್ಲ. ಆದರೆ ಗೋಡೆ ಇಲ್ಲದ ಕೋಣೆಯಲ್ಲಿ ಇವಳನ್ನು ಬಿಟ್ಟು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಮೊದಲಿನದ್ದು ತಾಯಿಮನೆಯಲ್ಲಿ," ಎಂದಳು ಪೂವಕ್ಕ. "ಅಕ್ಕಿ ಉಂಟು ಸೇವಂತಿ. ಬೇಕಾದಷ್ಟು ಉಂಟು. ಅಟ್ಟಕ್ಕೆ ಹತ್ತಿ ನೋಡು."

"ನಮ್ಮಲ್ಲಿ ಅಕ್ಕಿ ಇಲ್ಲ, ಗೋಡೆ ಉಂಟು. ಜ್ವರಕ್ಕೆ ಈಗ ಬೇಕಾದ್ದು ಗೋಡೆ."

ಅಚ್ಚುತ ಹೆಂಡತಿಯನ್ನು ಕಂಬಳಿಯಲ್ಲಿ ಸುತ್ತಿ, ಜತ್ತಪ್ಪನ ಸಹಾಯದಿಂದ ಕುರ್ಚಿಗೆ ಕಂಬ ಕಟ್ಟಿ ಎತ್ತಿಕೊಂಡು ಹೋದ. ಹೊಳೆಯ ಮೇಲಿನ ಸಂಕ ದಾಟುವವರೆಗೆ ಲೋಲಾಕ್ಷಿ ಹಿಂದೆ ತಿರುಗಿ ನೋಡುತ್ತಿದ್ದಳು. ಪೂವಕ್ಕ ಅಂಗಳದಲ್ಲಿ ನೆನೆಯುತ್ತಾ ನಿಂತಿದ್ದಳು. ಬೈಲಿಗೆ ಬೈಲೇ ನೋಡಿತು, ಹೊಟ್ಟೆ ಹೊತ್ತ ಮಗಳು ತಾಯಿಮನೆಯಿಂದ ಹಿಂದೆ ಹೋದದ್ದನ್ನು.

ಮರುದಿನ ಬೆಳಿಗ್ಗೆ ಅವಳು ಅಟ್ಟದಿಂದ ಮುಡಿ ಇಳಿಸಿದಳು. ಒಬ್ಬಳಿಗೆ ಎತ್ತಲಾಗಲಿಲ್ಲ. ಝೈನಬ ತಲೆಗೆ ಏರಿಸಿ ಕೊಟ್ಟಳು.

"ಸ್ವಲ್ಪ ಇಟ್ಕೊ, ಪೂವಕ್ಕ. ನೀನು ಎಂತ ತಿನ್ನುದು?"

"ಹಲಸಿನ ಬೀಜ ಉಂಟು."

ತಲೆಯ ಮೇಲೆ ಗೊರಬು, ಗೊರಬಿನ ಕೆಳಗೆ ಮುಡಿ. ಸಂಕದ ಅಡಿಕೆ ಮರ ಕಾಲಿನಡಿಯಲ್ಲಿ ನಡುಗುತ್ತಿತ್ತು. ಎರಡು ಗುಡ್ಡ ಹತ್ತಿ ಇಳಿದು ಸೇವಂತಿಯ ಜಗಲಿಗೆ ಮುಡಿ ಇಳಿಸಿದಾಗ ಅವಳ ಕುತ್ತಿಗೆ ಒಂದೇ ಕಡೆಗೆ ನಿಂತಿತ್ತು. ಅಡುಗೆಮನೆಯಲ್ಲಿ ಸೊಪ್ಪು ಬೇಯುವ ವಾಸನೆ ಬರುತ್ತಿತ್ತು. ಮೊದಲ ಗಂಜಿಯನ್ನು ಪೂವಕ್ಕನೇ ಬೇಯಿಸಿದಳು. ಲೋಲಾಕ್ಷಿ ಗೋಡೆಗೆ ಒರಗಿ ಉಂಡಳು. ನಿಧಾನಕ್ಕೆ, ಬಟ್ಟಲಿನ ತಳ ಕಾಣುವವರೆಗೆ.

"ಅಕ್ಕ, ನೀವೂ ಒಂದು ಬಟ್ಟಲು ಕುಡಿಯಿರಿ," ಎಂದಳು ಸೇವಂತಿ.

"ನನ್ನದು ಮನೆಯಲ್ಲೇ ಆಗಿದೆ," ಎಂದು ಪೂವಕ್ಕ ಎದ್ದಳು.

ಆದರೆ ಹೊಳೆಯ ದಂಡೆಗೆ ಬಂದು ನೋಡಿದರೆ ಸಂಕ ಇರಲಿಲ್ಲ. ಘಟ್ಟದ ಬುಡದಲ್ಲಿ ಎಲ್ಲೋ ಸುರಿದ ಮಳೆ ಅಷ್ಟರಲ್ಲಿ ಕೆಳಗೆ ಬಂದು, ಅಡಿಕೆ ಮರದ ಸಂಕವನ್ನು ಬುಡಸಮೇತ ಎತ್ತಿ ಕೊಂಡುಹೋಗಿತ್ತು. ಆಚೆ ದಂಡೆಯಲ್ಲಿ ಅವಳ ಗದ್ದೆ, ನೆಡದೆ ಉಳಿದ ನೇಜಿ, ಮಡಲಿನ ಕೋಣೆ. ಈಚೆ ದಂಡೆಯಲ್ಲಿ ಅವಳು ಹೊತ್ತು ತಂದ ಅಕ್ಕಿ, ಅದನ್ನು ಉಣ್ಣಲು ಇನ್ನೊಂದು ಬಾಯಿಯಾಗಿ ಅವಳು. ನೀರಿಗೆ ಇಳಿಯಲೆಂದು ಒಂದು ಕಾಲು ಇಟ್ಟಳು. ಸೆಳೆತಕ್ಕೆ ಸೀರೆ ತೊಡೆಗೆ ಸುತ್ತಿಕೊಂಡಿತು. ಹಿಂದಿನಿಂದ ಸೇವಂತಿ ಕರೆಯುತ್ತಾ ಗುಡ್ಡ ಇಳಿದು ಬಂದಳು.

"ಅಕ್ಕ, ಮೇಲೆ ಬನ್ನಿ. ಅವಳಿಗೆ ನೋವು ಶುರುವಾಗಿದೆ. ನೀವು ಇಲ್ಲದೆ ನನ್ನ ಕೈ ಓಡುದಿಲ್ಲ."

ಹೊಳೆ ಇಳಿಯುವವರೆಗೆ ಪೂವಕ್ಕ ಅಲ್ಲೇ ಇದ್ದಳು. ಹೆಣ್ಣು ಮಗು. ಸಣ್ಣದು, ಆದರೆ ಕೂಗುತ್ತಿತ್ತು. ಸೇವಂತಿ ಬಾಣಂತಿಗೆ ಗಂಜಿ ಬಡಿಸಿದ ಮೇಲೆ ಪೂವಕ್ಕ ಆ ಪಾತ್ರೆಗೆ ನೀರು ಹಾಕಿ, ತಳಕ್ಕೆ ಹಿಡಿದ ಅಗುಳನ್ನು ಕೈಯಲ್ಲಿ ತಿಕ್ಕಿ, ಆ ನೀರನ್ನು ಕುಡಿದು, ಆಮೇಲೆ ಪಾತ್ರೆ ತೊಳೆಯುತ್ತಿದ್ದಳು. ಸೇವಂತಿ ಒಮ್ಮೆ ನೋಡಿದಳು. ಮರುದಿನದಿಂದ ಪಾತ್ರೆಯ ತಳದಲ್ಲಿ ಅಗುಳು ಸ್ವಲ್ಪ ಹೆಚ್ಚೇ ಉಳಿಯುತ್ತಿತ್ತು.